ಘಟ್ಟ ಇಳಿದ ಗಾಡಿ

ಪುಣೆಯ ಹುಡುಗ, ಪಾನ್ಸೆ ಅಂತ ಹೆಸರು,
ಚೋರ್ಲಾ ಘಟ್ಟ ಇಳಿದು ಬಂದ.
ಗಾಡಿ ಮಾತ್ರ ಟೆಂಪೋದಲ್ಲಿ ಬಂತು.
ಬಾಣಸ್ತಾರಿ ಸೇತುವೆಯ ಮೇಲೆ ಪಿಸ್ಟನ್ ಹಿಡಿದುಕೊಂಡಿತ್ತಂತೆ,
ಹಿಂದಿನ ಗಾಲಿ ಹತ್ತು ಮಾರು ಕರಿ ಗೆರೆ ಎಳೆದಿತ್ತಂತೆ.
ಅಲ್ಲಿ ಗಡಿಯಾರದ ಹಾಗೆ ಓಡುತ್ತಿತ್ತು, ಎಂದ ಮರಾಠಿಯಲ್ಲಿ.
ಪೋರ್ಟು ಕೆತ್ತಿಸಿದ್ದು, ಹೊಟ್ಟೆ ಉಬ್ಬಿದ ಸೈಲೆನ್ಸರು ಬೆಸೆಸಿದ್ದು,
ಇಪ್ಪತ್ತಾರರ ಕಾರ್ಬೊರೇಟರು ಕೂರಿಸಿದ್ದು,
ಒಂದೊಂದರ ಖರ್ಚೂ ಹೇಳಿದ.

ಅಪ್ಪ ಎಡಗಿವಿ ಮುಂದೆ ಮಾಡಿ ಕೇಳಿದ.
ಬಲಗಿವಿಯನ್ನು ಎಂದೋ ಆರ್‌ಡಿಗಳಿಗೆ ಕೊಟ್ಟುಬಿಟ್ಟಿದ್ದಾನೆ.
ಬೌಲು ಬಿಚ್ಚಿ, ಜೆಟ್ಟು ತಿರುವಿ ತೆಗೆದು
ಬೆಳಕಿಗೆ ಹಿಡಿದ. ನನಗೆ ಕೊಟ್ಟ.
ಹಿತ್ತಾಳೆಯ ಒಂದು ಕಾಳು,
ನಡುವೆ ತೂತು, ತೂತಿನಾಚೆ
ಜುವಾರಿನಗರದ ಆಕಾಶ, ಅರೆ ಸಾಸಿವೆಯಷ್ಟು.
ನೂರಾ ನಲವತ್ತು, ಓದಿದೆ.
"ಅಲ್ಲಿಗೆ ಬರೋಬ್ಬರಿ ಐತಿ. ಇಲ್ಲಿ ಗಾಳಿ ದಪ್ಪ."

ಗಾಳಿ ದಪ್ಪ. ಮೂವತ್ತು ವರ್ಷದ ಹಿಂದೆ
ಅಣ್ಣಿಗೇರಿಯಿಂದ ಲಾರಿ ಹತ್ತಿ ಇಳಿದು ಬಂದಾಗ
ಮೊದಲ ವಾರ ಉಸಿರೇ ಎಳೆಯಲಾಗಲಿಲ್ಲವಂತೆ ಅವನಿಗೆ,
ಒದ್ದೆ ಕಂಬಳಿ ಹೊದ್ದ ಹಾಗೆ.
ಇಲ್ಲಿಯವರು ಘಾಟಿ ಅಂದರು. ಈಗಲೂ ಅಂತಾರೆ,
ಗಾಡಿ ಕೆಟ್ಟಾಗ ಮಾತ್ರ ದಾವಲಭಾಯ್.

ಪೆಟ್ರೋಲು ಕಮ್ಮಿಯಾದರೆ ಬೆಂಕಿಯೂ ಕಮ್ಮಿಯಾಗಬೇಕಲ್ಲ,
ಸುಡುವುದು ಯಾಕೆ? ಸಣ್ಣವಳಿದ್ದಾಗ ಕೇಳಿದ್ದೆ.
"ಹಸದಾವಗ ಸಿಟ್ಟು ಹೆಚ್ಚವ್ವ," ಅಂದಿದ್ದ.
ಐಟಿಐಯ ಪುಸ್ತಕದಲ್ಲಿ ಇದನ್ನೇ
ಎರಡು ಪುಟ ಬರೆದಿದ್ದರು.

ಬಾಮಿನ ಡಬ್ಬಿಯಲ್ಲಿ ನಮ್ಮ ಜೆಟ್ಟುಗಳು.
ಕಂಪನಿಯವು ನಾಲ್ಕೋ ಐದೋ. ಉಳಿದವು
ಬೆಸುಗೆ ತುಂಬಿ ಮುಚ್ಚಿ, ಸೂಜಿಯಂಥ ಬೈರಿಗೆಯಿಂದ
ಅಪ್ಪ ಮತ್ತೆ ಕೊರೆದವು, ನಂಬರು ಉಜ್ಜಿ ಅಳಿಸಿದವು.
ಅವಕ್ಕೆ ಹೆಸರೇ ಇವೆ: ರೊಸಾರಿಯೊನದು,
ಮೀನಿನ ಲೂನಾದ್ದು, ಸೋತ ರೇಸಿನದು.

ಸಿಲಿಂಡರು ಕೊರೆಸಿ, ಹೊಸ ಪಿಸ್ಟನ್ ಹಾಕಿ,
ಎರಡು ಟ್ಯಾಂಕು ಮೆತ್ತಗೆ ಓಡಿಸಿ, ಆಮೇಲೆ
ಒಂದು ಭಾನುವಾರ ಬೆಳಗಿನ ಐದೂವರೆ, ವೆರ್ಣಾ ಪಠಾರ.
ಕಾರ್ಖಾನೆಗಳ ನಡುವಿನ ರಸ್ತೆ ಖಾಲಿ. ನಾಯಿಗಳು ಮೂರು.
ಓಡಿಸುವವಳು ನಾನು. ನಲವತ್ತೇಳು ಕಿಲೋ,
ಎರಡು ಕಿವಿ. ಪಾನ್ಸೆ ಏನೋ ಹೇಳಹೋಗಿ ಸುಮ್ಮನಾದ.

ನೂರಾ ಅರವತ್ತು: ಗಂಟಲಲ್ಲಿ ಕಫ,
ಗುಳುಗುಳು ಕೆಮ್ಮಿತೇ ಹೊರತು ಮೇಲೇರಲಿಲ್ಲ.
ನೂರಾ ಐವತ್ತು: ಚಂದ ಹಾಡಿತು. ತೀರಾ ಚಂದ.
ಕೊನೆಗೊಂದು ಗಾಜಿನ ಬಳೆಯ ಸದ್ದು,
ಕೇಳಿದ್ದೇ ಕ್ಲಚ್ಚು ಹಿಡಿದೆ.
"ಹಂಗ ಹಾಡೂದು ಸಾಯೂ ಮುಂದ," ಅಂದ ಅಪ್ಪ.

ಸೋತ ರೇಸಿನ ಜೆಟ್ಟು ಹಾಕಿದ. ಹೊಸ ಪ್ಲಗ್ಗು.
ಸೂಜಿಯ ಕ್ಲಿಪ್ಪು ನಡುವಿನ ಗೀರಿಗೆ,
ಗಾಳಿ ಸ್ಕ್ರೂ ಒಂದೂವರೆ ಸುತ್ತು ಬಿಚ್ಚಿ, ಕೂದಲೆಳೆಯಷ್ಟು ಮುಚ್ಚಿ.
"ಹೋಗು."

ನಾಲ್ಕನೇ ಗೇರು. ಪೂರ್ತಿ ತಿರುವಿ ಹಿಡಿದೆ,
ಹಲ್ಲಿನ ಬೇರಿನ ತನಕ ಗುಂಯ್ ಎನ್ನುವಾಗ
ಕಡೆಯ ಕಂಬದ ಹತ್ತಿರ
ಕೀಲಿ ಬಂದ್, ಕ್ಲಚ್ಚು ಒಳಗೆ, ಒಂದೇ ಸಲ.

ಆಮೇಲಿನದು ನನ್ನದು.
ಎಂಜಿನ್ನಿಲ್ಲದೆ ಎಂಬತ್ತರ ವೇಗ,
ಸರಪಳಿಯ ಕಿರಿಕಿರಿ, ಜಾಕೀಟಿನೊಳಗೆ ಗಾಳಿ,
ಎಲ್ಲೋ ಇಗರ್ಜಿಯ ಗಂಟೆ, ಕೆಳಗೆ ಸಮುದ್ರ
ಇದೆಯೆಂದು ಗೊತ್ತಷ್ಟೇ, ಕಾಣುವುದಿಲ್ಲ.
ಈ ಅರ್ಧ ಮಿನಿಟಿಗೆ ಯಾರೂ ಬಿಲ್ಲು ಹಾಕುವುದಿಲ್ಲ.

ಸುಡುವ ಪ್ಲಗ್ಗನ್ನು ಅರಿವೆಯಲ್ಲಿ ಹಿಡಿದು ನೋಡಿದೆವು.
ಸುಣ್ಣವಲ್ಲ, ಕಾಡಿಗೆಯಲ್ಲ.
ಹಂಚಿನಿಂದ ಇಳಿಸುವ ಹೊತ್ತಿನ
ಜೋಳದ ರೊಟ್ಟಿಯ ಬೆನ್ನು.
ಅಪ್ಪ ಮೂಸಿಯೂ ನೋಡಿದ. ಯಾಕೆಂದು ಕೇಳಬೇಡಿ.

ಪಾನ್ಸೆ ದುಡ್ಡು ಎಣಿಸಿದ.
ಹೊರಡುವಾಗ ಅಪ್ಪ ಹಳೇ ನೂರಾ ನಲವತ್ತನ್ನು
ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿ ಅವನ ಕಿಸೆಗೆ ತುರುಕಿದ:
"ಘಟ್ಟ ಹತ್ತಿದ ಮ್ಯಾಲೆ ಇದನ್ನ ಹಾಕ್ಕೊ.
ನಮ್ಮದು ಅಲ್ಲಿ ಹೊಟ್ಟಿಗೆ ಭಾರ."
ಮರಾಠಿಯಲ್ಲಿ ನಾನು ಮೊದಲ ಸಾಲಷ್ಟೇ ಹೇಳಿದೆ.

ಸೋತ ರೇಸಿನ ಜೆಟ್ಟು ಅವನೊಂದಿಗೆ ಹೋಯಿತು.
ಡಬ್ಬಿ ಅಲ್ಲಾಡಿಸಿ ನೋಡಿದೆ.
ಸದ್ದು, ಒಂದು ಕಾಳು ಕಡಿಮೆ.