ಬಿಲ್ಲಿನ ಬದಲಿ

ಕೇಶ್ವಾಪುರದ ಅಂಗಡಿ. ಮೀನಿನ ತೊಟ್ಟಿ, ಲವ್‌ಬರ್ಡಿನ ಪಂಜರ.
ಡೀಪ್ ಫ್ರಿಜ್ಜಿಗೆ ಗ್ಯಾಸ್ ತುಂಬಿ, ರಿಲೇ ಬದಲಿ ಮಾಡಿ
ಎರಡು ಸಾವಿರದ ಎಂಟನೂರು ಅಂದೆ.
ಹುಡುಗನ ಗಲ್ಲೇದಾಗ ಮುನ್ನೂರು.
"ಕಾಕಾ, ಇದನ್ನ ಒಯ್ರಿ. ಕಾಗದಪತ್ರ ನಿಮ್ಮ ಹೆಸರಿಗೆ ಮಾಡಿಸಿ ಕೊಡ್ತೀನಿ"
ಅಂತ ಶ್ರೀಖಂಡದ ಡಬ್ಬಿಯೊಂದು ಕೈಗಿಟ್ಟ.
ಮುಚ್ಚಳಕ್ಕ ತೂತು.
ಒಳಗ ಪೆನ್ಸಿಲ್ಲಿನಷ್ಟು ದಪ್ಪ, ಕೇಸರಿ ಮೈ.
ತೂತಿನಾಗಿಂದ ಬಂದು ಹೋತು ನಾಲಿಗಿ,
ದಾರದ ಎಳಿ.

ವಿಷ ಇಲ್ಲ, ನಮ್ಮ ಕಡೆದಲ್ಲ ಅಂದ.
ಹೊಟ್ಟಿ ತಿರುವಿ ತೋರಿಸಿದ:
ಕರಿ ಬಿಳಿ ಚೌಕ ಚೌಕ,
ಗೋವಿನಜೋಳದ ತೆನಿ ಸಿಪ್ಪಿ ಸುಲಿದ್ಹಂಗ.

ಉಣಕಲ್ ಕೆರಿ ಗಾಳಿಗೆ ಥಂಡಿ ಆದೀತಂತ
ಡಬ್ಬಿ ಅಂಗಿ ಒಳಗಿಟ್ಟು ಗಾಡಿ ಹೊಡದೆ.
ಎದಿ ಮ್ಯಾಲೆ ಏನೋ ಸರದಾಡ್ತಿತ್ತು.
ನಂದಽ ಜೀವ ಇರಬೇಕು.

ಮೂವತ್ತೊಂದು ವರ್ಷ ಮೌನೇಶ ಬಡಿಗೇರ ಅಂದ್ರ
ತಂಪು ಮಾಡೂ ಮನಶ್ಯಾ.
ಹಾಲು ಒಡೀಬಾರದು, ಮಲ್ಲಿಗಿ ಬಾಡಬಾರದು,
ಇನ್ಸುಲಿನ್ ಕೆಡಬಾರದು, ಫೋನ್ ನಂಗ.
ಈಗ ಒಂದು ಜೀವ ಬೆಚ್ಚಗಿಡಬೇಕಾಗೈತಿ.
ಒಂದು ಮೂಲ್ಯಾಗ ಮೂವತ್ತು ಡಿಗ್ರಿ, ಇನ್ನೊಂದ್ರಾಗ ಇಪ್ಪತ್ನಾಕು;
ಯಾವಾಗ ಯಾವುದು ಬೇಕಂತ ಅದಕ್ಕಽ ಗೊತ್ತು.
ಹಳೇ ಥರ್ಮೋಸ್ಟ್ಯಾಟಿನ ತಂತಿ ಉಲ್ಟಾ ಜೋಡಿಸಿದೆ.
ಕೈ ಒಂದು ಗಳಿಗಿ ಒಪ್ಪಲಿಲ್ಲ.

ದ್ರಾಕ್ಷಾಯಣಿ ಮೂರು ದಿನ ಮಾತಾಡಲಿಲ್ಲ.
ನಾಕನೇ ದಿನ ಕೇಳಿದ್ಲು: "ಏನ್ ತಿಂತೈತಿ?"
ಹೇಳಿದೆ.
"ತತ್ತಿ ಹೊಸ್ತಿಲ ದಾಟದ ಮನಿ ಇದು."
ಹೌದು.
ಮುಂದಿನ ಖೋಲಿ ನಂದು, ವರ್ಕ್‌ಶಾಪು.
ಅಲ್ಲೊಂದು ನೀಲಿ ಫ್ರಿಜ್ಜು, ಸಣ್ಣದು,
ಯಾರೋ ರಿಪೇರಿಗೆ ಕೊಟ್ಟು ಆರು ವರ್ಷ ಆತು, ಒಯ್ದಿಲ್ಲ.
ಅದರ ಐಸಿನ ಖಾನೇದಾಗ ಇಲಿಮರಿ ಇಟ್ಟೆ,
ಕಣ್ಣು ಬಿಡದವು, ಬೆರಳಿನ ತುದಿಯಷ್ಟು.
ಬಿಸಿನೀರಿನ ಲೋಟದಾಗ ಕರಗಿಸೋವಾಗ
ನಾ ಆ ಕಡೆ ನೋಡ್ತಿದ್ದೆ.
ಚಿಮಟಿಗಿ ನಡಗ್ತಿತ್ತು.
ಅದು ಮೂಸಿತು. ಹೊಳ್ಳಿ ಹೋತು.
ಎರಡನೇ ವಾರನೂ ಹೊಳ್ಳಿ ಹೋತು.

ಬಾಜೂಮನಿ ಚನ್ನಕ್ಕ ಪಂಚಮಿಗೆ ಹಾಲು ತಂದ್ಲು,
ಅಳ್ಳು, ಶೇಂಗಾ ಉಂಡಿ.
"ಅದು ಬರೇ ನೀರು ಕುಡೀತೈತಿ ಅಕ್ಕಾ."
"ಮತ್ತ ಇಷ್ಟು ವರ್ಷ ನಾವು ಎರದದ್ದು?"
ನಂಗ ಉತ್ತರ ಬರಲಿಲ್ಲ.
ಉಂಡಿ ನಾ ತಿಂದೆ.

ಆಮೇಲೆ ಕಣ್ಣು ಮಬ್ಬಾತು, ನೀಲಿ ಹಾಲು ತುಂಬಿಧಂಗ.
ಕುರುಡಾತಂತ ಹೆದರಿ ಹುಡುಗಗ ಫೋನ್ ಹಚ್ಚಿದೆ.
ನಕ್ಕ. "ಪೊರಿ ಬಿಡತೈತಿ ಕಾಕಾ. ಮುಟ್ಟಬ್ಯಾಡ್ರಿ."
ಮುಟ್ಟದಽ ಇರೂದು,
ಮೆಕ್ಯಾನಿಕ್‌ಗೆ ಅದೊಂದು ಬರೂದಿಲ್ಲ.
ಸ್ಕ್ರೂಡ್ರೈವರ್ ಕಪಾಟಿನಾಗ ಹಾಕಿ
ಐದು ದಿನ ಸುಮ್ಮನ ಕುಂತೆ.
ಆರನೇ ಮುಂಜಾನೆ, ಕಾಲುಚೀಲ ಕಳದು ಒಗದಂಗ ಪೊರಿ,
ಕಣ್ಣಿನ ಗಾಜಿನ ಸಮೇತ.
ಅವತ್ತಽ ತಿಂತು.

ಡಿಸೆಂಬರಿನ ಒಂದು ರಾತ್ರಿ ಪೆಟಗಿ ಖಾಲಿ.
ಜಾಳಿಗಿ ಮೂಲಿ ಸಡಿಲ.
ಆ ಸ್ಕ್ರೂ ನಾನಽ ಮರತದ್ದು.
ಹಾಸಿಗಿ ಝಾಡಿಸಿದೆ, ಚಪ್ಪಲಿ, ರೊಟ್ಟಿ ಬುಟ್ಟಿ,
ಗಡಿಯಾರದ ಹಿಂದ ಬೆರಳು ತೂರಿಸಿದೆ.
ದ್ರಾಕ್ಷಾಯಣಿ ಕಾಟಿನ ಮ್ಯಾಲೆ ಕಾಲು ಮಡಚಿ
ಟಾರ್ಚ್ ಹಿಡಿದ್ಲು, ಬೈಕೋತ.
ಮೂರು ತಾಸು.
ಕಡೀಕ ಆಕೀನಽ ಅಂದ್ಲು:
"ಥಂಡಿ ಐತಿ. ನಾ ಆಗಿದ್ರ ಬೆಚ್ಚಗಿದ್ದಲ್ಲಿ ಹೋಗ್ತಿದ್ದೆ."

ನೀಲಿ ಫ್ರಿಜ್ಜು ಗುಂಯ್ ಅಂತಿತ್ತು.
ಗ್ವಾಡಿಯಿಂದ ಒಂದು ಗೇಣು ಜರುಗಿಸಿದೆ.
ಕಂಪ್ರೆಸರಿನ ನೆತ್ತಿ ಮ್ಯಾಲೆ
ಕೇಸರಿ ಸಿಂಬಿ.

ಒಳಗ ತಂಪಾಗಬೇಕಂದ್ರ ಬಿಸಿ ಹಿಂದ ಎಲ್ಲೋ ಹೋಗಬೇಕು.
ಕಲಿಯಾಕ ಬಂದ ಹುಡುಗರಿಗೆ ಎಷ್ಟು ಸಲ ಹೇಳೀನಿ.
ಅಲ್ಲಿ ಯಾರರೆ ಮಲಗಬಹುದಂತ
ಹೊಳದಿದ್ದಿಲ್ಲ.

ಎತ್ತಾಕ ಹೋದೆ. "ತಡೀರಿ" ಅಂದ್ಲು,
ಟಾರ್ಚಿನ ಬೆಳಕು ಬಾಜೂಕ ಸರಿಸಿ,
"ಒಂದೀಟು ಮಲಗಲಿ."

ಆ ಫ್ರಿಜ್ಜಿನ ಧಣಿ ಇನ್ನೂ ಬಂದಿಲ್ಲ.
ನಿನ್ನೆ ಯಾರೋ ಬಾಗಿಲಾಗ ನಿಂತು
ನೀಲಿ ಫ್ರಿಜ್ಜು ಅಂದ್ಹಂಗಾತು.
ನಾ ತಲಿ ಎತ್ತಲಿಲ್ಲ.