ಎರಡನೇ ಸಂಪುಟ

ಲಖನೌದಿಂದ ಬಂದಿಳಿದರು ಶೀತಲಾಪ್ರಸಾದ ‘ವಕ್ರ’.
ಬಾಲದ ಆ ವಕ್ರ ಅವರೇ ಕಟ್ಟಿಕೊಂಡದ್ದು,
ಹುಟ್ಟಾ ಏನೂ ಸೊಟ್ಟಗಿರಲಿಲ್ಲ;
ಎಡಗೆನ್ನೆ ಮಾತ್ರ ಬಲಗೆನ್ನೆಗಿಂತ ತುಸು ಮೆತ್ತಗೆ.
ನನಗೆ ಗೊತ್ತು. ನಾನು ಬಿಂದೇಸರಿ,
ಇಪ್ಪತ್ತೆರಡು ಬೆಳಗು ಅವರ ಗಡ್ಡ ಕೆರೆದವನು.

ಪಂಚಾಯತಿ ಭವನದ ಗೋಧಿಹೊಟ್ಟು ಮೂಲೆಗೊತ್ತಿ
ಮಂಚ ಹಾಕಿಕೊಟ್ಟೆವು.
“ಕಟ್ರೌಲಿಯ ನಿಜ ಬೇಕು” ಅಂದರು,
“ನಗು ಬರಿಸುವಂಥ ನಿಜ.”

ಮೊದಲ ದಿನ ನಿಜವನ್ನೇ ಕೊಟ್ಟೆವು, ಪಾಪ.
ಚುನಾವಣೆ ಗೆದ್ದವಳು ರಾಮರತಿ,
ಫೋನೆತ್ತಿ “ಪ್ರಧಾನ ಮಾತಾಡ್ತಿದೀನಿ” ಅನ್ನುವವನು
ಅವಳ ಗಂಡ ತಿಲಕಧಾರಿ.
ಹ್ಯಾಂಡ್‌ಪಂಪು ಕಾಗದದಲ್ಲಿ ಒಂಬತ್ತು,
ನೆಲದಲ್ಲಿ ಎರಡು,
ನೀರಲ್ಲಿ ಒಂದು.
ಬರೆದುಕೊಂಡರು. ಚಹಾ ತರಿಸಿದರು.
ಮಾರನೆಯ ದಿನ ಲಲ್ಲನ್ ತನ್ನೆಮ್ಮೆಗೆ
ವೃದ್ಧಾಪ್ಯ ವೇತನ ಬರುತ್ತದೆ ಅಂದ;
ಬ್ಯಾಂಕಿನ ಯಂತ್ರಕ್ಕೆ ಅವನ ಹೆಬ್ಬೆಟ್ಟಿಗಿಂತ
ಅದರ ಗೊರಸೇ ಬೇಗ ಹೊಂದಿತಂತೆ.
ಅದಕ್ಕೆ ಜಿಲೇಬಿ ಸಿಕ್ಕಿತು.

ಮೂರನೆಯ ದಿನ ಊರಿಗೆ ಊರೇ ಬಾಯಿ ತೆರೆಯಿತು.
ದರ್ಜಿ ಜಹೀರ್ ಶಾಲೆಯ ಕುರ್ಚಿಗೊಂದು ಕೋಟು ಹೊಲಿದನಂತೆ,
ಸಾಹೇಬರು ತನಿಖೆಗೆ ಬಂದಾಗ ಕೋಟೇ ಹಾಜರಿ ಕೂಗಿತಂತೆ.
ಉಪಾಧ್ಯಾಯ ಮೇಷ್ಟ್ರು ಮುನಿಯಲಿಲ್ಲ;
ತಾವು ಕೋಟಿನೊಳಗೆ ಇರದ ದಿನಗಳ ಲೆಕ್ಕ
ತಾವೇ ಒಪ್ಪಿಸಿ ಎರಡು ಜಿಲೇಬಿ ಇಸಕೊಂಡರು.
ಅವರಿಗೆ ಗೊತ್ತಾಗಲಿಲ್ಲವೇ?
ಗೊತ್ತಿತ್ತು. ನಾನು ಕತ್ತಿ ಮಸೆಯುವಾಗ
ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಜಿಲೇಬಿ ಮುಟ್ಟದವಳು ಸುಖದೇಈ ಒಬ್ಬಳೇ.
ಸೊಸೆಗೆ ನೋವು ಬಂದ ರಾತ್ರಿಯ ಮಾತು ಆಡಿದಳು:
ಘಾಘರಾ ನದಿಯ ಆಚೆ ದಡದಲ್ಲಿ ಆಂಬುಲೆನ್ಸು,
ಒಂದೇ ಸಮನೆ ಹಾರನ್ನು.
ಈಚೆ ದಡದಲ್ಲಿ ಮಂಚದ ಮೇಲೆ ಫುಲ್‌ಝರಿ.
ದೋಣಿ ಇತ್ತು. ದೋಣಿಯ ಹರಾಜಿಗೆ ತಡೆಯಾಜ್ಞೆ ಇತ್ತು,
ಬೀಗ ಹಾಕಿತ್ತು.
ಬೆಳಗಾಗುವಾಗ ಹಾರನ್ನು ನಿಂತಿತು.
ಮಗು ಉಳಿಯಿತು.
ಇಷ್ಟು ಹೇಳಿ ಸೆರಗು ಕೊಡವಿ ಎದ್ದಳು.
ವಕ್ರ ಪೆನ್ನಿನ ಮುಚ್ಚಳ ಹಾಕಿದರು.
ದೊಡ್ಡ ಮನುಷ್ಯರು, ಅಂದುಕೊಂಡೆ ನಾನು.

ಪುಸ್ತಕ ಬಂತು. ಮುಖಪುಟದಲ್ಲಿ ಕನ್ನಡಕದ ಎಮ್ಮೆ.
ತಿಲಕಧಾರಿ ಗ್ರಂಥಾಲಯಕ್ಕೆಂದು ನಲವತ್ತು ಪ್ರತಿ ಕೊಂಡ;
ಆ ಗ್ರಂಥಾಲಯ ಇಲ್ಲವೆಂಬುದು ಏಳನೇ ಅಧ್ಯಾಯದಲ್ಲಿದೆ.
ನನ್ನಂಗಡಿಯಲ್ಲಿ ಮೇಷ್ಟ್ರು ಓದಿದರು, ಊರು ಹೊಟ್ಟೆ ಹಿಡಿದುಕೊಂಡು ಬಿತ್ತು.
ಲಲ್ಲನ್‌ಗೆ ಮಾತ್ರ ಸಿಟ್ಟು:
ಅವನೆಮ್ಮೆಯನ್ನು ಜಹೀರನಿಗೆ ಕೊಟ್ಟುಬಿಟ್ಟಿದ್ದರು.
ಹನ್ನೊಂದನೇ ಅಧ್ಯಾಯ, ‘ಹಾರನ್ನು’.
ಆಚೆ ದಡದಲ್ಲಿ ಡ್ರೈವರು ಹಾರನ್ನಿನಲ್ಲೇ ರಾಗ ಕಲಿಯುತ್ತಾನೆ,
ಈಚೆ ದಡದ ಹೆಂಗಸರು ತಾಳ ಹಾಕಿ ಸೋಹರ್ ಹಾಡುತ್ತಾರೆ,
ತಡೆಯಾಜ್ಞೆಗೆ ಗಂಡು ಮಗು ಹುಟ್ಟುತ್ತದೆ.
ನಕ್ಕರು.
ನಾನೂ ನಕ್ಕೆ. ಸುಳ್ಳೇಕೆ, ನಗು ಬರುವ ಹಾಗೇ ಬರೆದಿದ್ದರು.
ಆಮೇಲೆ ನೋಡಿದರೆ ಬಾಗಿಲಲ್ಲಿ ಸುಖದೇಈ,
ಮೊಮ್ಮಗನ ತಲೆ ಬೋಳಿಸಲು ಕರೆತಂದವಳು.
“ಏನಂತೆ ಅದರಲ್ಲಿ?”
ಮೇಷ್ಟ್ರು ಪುಟ ಮಗುಚಿದರು. “ಎಮ್ಮೆ ವಿಷಯ.”
“ಎಮ್ಮೆಯಾ!” ಅಂತ ಅವಳೂ ನಕ್ಕಳು.

ಈಗ ಬಹುಮಾನ ಬಂದಿದೆ, ವಕ್ರರೂ ಬಂದಿದ್ದಾರೆ,
ಎರಡನೇ ಸಂಪುಟಕ್ಕೆ.
ಹೊರಗೆ ಜಿಲೇಬಿಯ ಎಣ್ಣೆ ಕಾಯುತ್ತಿದೆ,
ಜನ ಸಾಲಿನಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದಾರೆ.
ನನ್ನ ಕುರ್ಚಿಯಲ್ಲಿ ಅವರು, ಮುಖದ ತುಂಬ ನೊರೆ,
ಗದ್ದ ಮೇಲೆತ್ತಿ ಕೇಳುತ್ತಾರೆ:
“ಹೊಸದೇನಾದರೂ ಇದೆಯಾ, ಬಿಂದೇಸರಿ?”
ಕತ್ತಿಯ ಕೆಳಗೆ ಗಂಟಲ ಮಣಿ ಏರಿ ಇಳಿಯುತ್ತದೆ.

“ಇದೆ ಸಾಹೇಬ್.
ಅಲುಗಾಡಬೇಡಿ.”