ಮೂವತ್ತೊಂದು ಬಿಲ್ಲೆ ಹಾಲು

ನಮ್ಮ ಮನೆಯಲ್ಲಿ ಸಾರು ಕೊಡಲಿಯಿಂದ ಶುರುವಾಗುತ್ತದೆ.
ಬೇಲಿಯ ಪಕ್ಕ ಪೇರಿಸಿಟ್ಟ ವಿಲ್ಯುಯಿ ಹೊಳೆಯನ್ನು
ಮೊಳದಷ್ಟು ಒಡೆದು, ಕೂಸಿನ ಹಾಗೆ ತಬ್ಬಿ ತಂದು
ಪಾತ್ರೆಗಿಳಿಸಬೇಕು.
ಅದು ಮೊದಲು ಬಿರುಕು ಬಿಡುತ್ತದೆ, ಆಮೇಲೆ ಬೆವರುತ್ತದೆ,
ತುಂಬ ಹೊತ್ತಾದ ಮೇಲೆ
ತಾನು ನೀರೆಂದು ಒಪ್ಪಿಕೊಳ್ಳುತ್ತದೆ.

ನಿನ್ನೆ ತಳದಲ್ಲೊಂದು ಬರ್ಚ್ ಎಲೆ ಸಿಕ್ಕಿತು.
ಸೆಪ್ಟೆಂಬರಿನದು, ಇನ್ನೂ ಹಳದಿ.
ಅತ್ತೆ ಇದ್ದಿದ್ದರೆ ಅನ್ನುತ್ತಿದ್ದಳು:
"ಸೋಸದ ಸೊಸೆ ನೀನು."

ಒಗ್ದೋ ಅವಳ ಹೆಸರು.
ಎದುರಿಗೆ ನಾನು ಯಾವತ್ತೂ ಹಾಗೆ ಕರೆದವಳಲ್ಲ.

ನವೆಂಬರಿನಲ್ಲಿ, ಹಸು ಬತ್ತುವ ಮುಂಚೆ,
ಬಟ್ಟಲು ಬಟ್ಟಲಾಗಿ ಹಾಲನ್ನು ಅಂಗಳದಲ್ಲಿಟ್ಟಳು.
ಅರ್ಧ ಗಟ್ಟಿಯಾಗುವ ಹೊತ್ತಿಗೆ ಹೋಗಿ
ನಡುಮಧ್ಯೆ ಹೆಬ್ಬೆರಳೊತ್ತಿ ನೋಡುವಳು,
ಹದ ಬಂತೋ ಇಲ್ಲವೋ.
ಆಮೇಲೆ ಬಟ್ಟಲು ಬೋರಲು ಹಾಕಿ ಒಂದು ಗುದ್ದು.
ಹಾಲು ಬಿಲ್ಲೆಯಾಗಿ ಹಿಮದ ಮೇಲೆ ಬೀಳುವುದು.
ಚಂದ್ರ ಅನ್ನಬೇಡಿ; ತುಸು ಹಳದಿ, ತುಸು ಸೊಟ್ಟ,
ಬಟ್ಟಲಿನ ಸೀಳುಗೆರೆಯ ಸಮೇತ.
ಮೂವತ್ತೊಂದು. ಎಣಿಸಿ ನೆಲಮಾಳಿಗೆಗಿಳಿಸಿದಳು.
"ಏಪ್ರಿಲ್ ತನಕ ಬಂದೀತು, ಕೈ ಬಿಗಿಹಿಡಿದು ಬಳಸು."

ಜನವರಿ ಹನ್ನೊಂದಕ್ಕೆ ಹೋದಳು.
ಹೊರಗೆ ಸೊನ್ನೆಗಿಂತ ಐವತ್ತನಾಲ್ಕು ಕೆಳಗೆ.
ಇಲ್ಲಿ ನೆಲ ಅಗೆಯಲು ನೆಲವನ್ನೇ ಬೇಯಿಸಬೇಕು:
ಗುಡ್ಡದ ಮೇಲೆ ಮೂರು ದಿನ ಬೆಂಕಿ ಹಾಕಿದರು,
ಗೇಣು ಕರಗಿದರೆ ಗೇಣು ಅಗೆತ.
ಸೌದೆ ನಮ್ಮ ಒಲೆಯದೇ, ಬೇಸಿಗೆಯಲ್ಲಿ
ಅವಳೇ ನಿಂತು ಒಟ್ಟಿಸಿದ ಲಾರ್ಚ್.
ಎರಡು ವಾರದ ಅಡುಗೆಯಷ್ಟು.
ನಾನು ಲೆಕ್ಕ ಹಾಕಿದೆ. ಹಾಕಬಾರದಿತ್ತು. ಹಾಕಿದೆ.

ಅಗೆಯುವವರು ಐದು ಜನ, ಹುಬ್ಬು ಮೀಸೆ ಎಲ್ಲ ಬಿಳಿ.
ಅವರಿಗೆ ಕುದುರೆಯ ಪಕ್ಕೆಲುಬಿನ ಸಾರು,
ಕೊಬ್ಬು ಎರಡು ಬೆರಳು ದಪ್ಪ;
ಬಕೀಟಿನಲ್ಲಿ ನೆಟ್ಟಗೆ ನಿಂತಿದ್ದ ಮೀನನ್ನು
ಬಡಗಿ ಹತ್ತರಿ ಹೊಡೆದ ಹಾಗೆ ಹೆರೆದು, ಉಪ್ಪು, ಮೆಣಸು.
ಒಬ್ಬ ಎರಡನೇ ಸಲ ಬಟ್ಟಲು ಚಾಚುತ್ತ
"ಒಗ್ದೋ ಕೈರುಚಿ ಕಣಮ್ಮ" ಅಂದು
ನಾಲಿಗೆ ಕಚ್ಚಿಕೊಂಡ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು.

ಹದಿನೇಳು ಉಳಿದಿದ್ದವು.
ಪ್ರತಿಯೊಂದರ ನಡುವೆ ಆ ಗುಳಿ.
ನನ್ನ ಹೆಬ್ಬೆರಳಿಟ್ಟು ನೋಡಿದೆ: ಸಡಿಲ.
ಪಾತ್ರೆಯಲ್ಲಿ ಮೊದಲು ಗುಳಿ ತೂತಾಗುತ್ತದೆ,
ತೂತು ಅಗಲವಾಗುತ್ತ ಬಿಲ್ಲೆಯೇ ಬಳೆಯಾಗುತ್ತದೆ,
ಬಳೆ ಒಡೆಯುತ್ತದೆ,
ಆಮೇಲೆ ಬರೀ ಹಾಲು.

ಮಾರ್ಚಿಯ ಕೊನೆಗೆ ಒಂದೇ ಒಂದು.
"ಇರಲಿ ಬಿಡು, ಇಟ್ಟುಕೊಳ್ಳೋಣ" ಅಂದ ನ್ಯುಕುಸ್,
ನನ್ನ ಕಡೆ ನೋಡದೆ, ಬೂಟು ಬಿಚ್ಚುತ್ತ.
ಇಡಬಹುದು ನಿಜ. ನಮ್ಮ ನೆಲಮಾಳಿಗೆ
ಜುಲೈಯಲ್ಲೂ ಕರಗುವುದಿಲ್ಲ.
ನಾನೂ ಹೂಂ ಅಂದೆ.

ಮೂರನೆಯ ದಿನ ಕುನ್ನೇಯ್ ಶಾಲೆಯಿಂದ ಬಂದಳು,
ಕೆನ್ನೆ ಬಿಳುಚಿ, ರೆಪ್ಪೆಗೆ ರೆಪ್ಪೆ ಅಂಟಿ.
"ಅಜ್ಜಿಯ ಗಂಜಿ ಬೇಕು."
ಅಜ್ಜಿ ಬೇಕು ಅನ್ನಲಿಲ್ಲ. ಗಂಜಿ.

ಬೆಣ್ಣೆಯಲ್ಲಿ ಹಿಟ್ಟು ಹುರಿದೆ,
ಘಮ ಏಳುವ ತನಕ, ಕಂದಾಗುವುದಕ್ಕೆ ಮೊದಲು.
ಇನ್ನೊಂದು ಒಲೆಗೆ ಬಿಲ್ಲೆ.
ಗುಳಿ ತೂತಾಗುವುದನ್ನೇ ನೋಡುತ್ತ ನಿಂತೆನೋ ಏನೋ,
ಸುರಿಯುವಷ್ಟರಲ್ಲಿ ಹಿಟ್ಟು ತಳ ಹಿಡಿದಿತ್ತು.

ಮೊದಲ ಚಮಚ ಬೆಂಕಿಗೆ, ವಾಡಿಕೆಯಂತೆ.
ಬೆಂಕಿ ತಕರಾರಿಲ್ಲದೆ ತಿಂದಿತು.
ಮಗಳು ಮೂಸಿ ನೋಡಿ, ತುಟಿಗಿಟ್ಟು ನೋಡಿ,
"ಸೀದಿದೆ" ಅಂದಳು. "ಅಜ್ಜಿ ಮಾಡಿದ ಹಾಗೇ ಇದೆ."

ಹನ್ನೆರಡು ವರ್ಷ ಅವಳು ಇದಕ್ಕೆ ಒಲೆಯನ್ನು ಬೈಯುತ್ತಿದ್ದಳು.
ನಾನೂ ಒಲೆಯನ್ನೇ ಬೈದೆ.
ನ್ಯುಕುಸ್ ಏನೂ ಕೇಳದೆ ಬಟ್ಟಲು ತಂದು ಕೂತ.

ಹೊರಗೆ ಮೈನಸ್ ಮೂವತ್ತು.
ಬೇಲಿಯ ಪಕ್ಕ ಹೊಳೆ
ಇನ್ನೂ ಏಳು ಗಡ್ಡೆ ಇದೆ.